ಹುಣಸೆಯಲ್ಲದ ದೊಡ್ಡಹುಣಸೆ

ಗಿಡಮರಗಳ ಹೆಸರುಗಳನ್ನು ಬಾಯಿಪಾಠ ಮಾಡುವದೇ ಸಸ್ಯಶಾಸ್ತ್ರವೆಂದು ಪಾಲಕರಲ್ಲಿ ಕೆಲವರು ತಿಳಿದಿರುವದುಂಟು. ಆದರೆ ಹೆಸರು ನಮ್ಮನ್ನು ದಾರಿ ತಪ್ಪಿಸಬಹುದು. ಗಿಡದ ಅಂಗಗಳೇ ಅದರ ನಿಜವಾದ ಕುಲವನ್ನು ಹೇಳುವವು. ಇದನ್ನು ಹಾನಗಲ್ಲಿಗೆ ನೆರೆಯದಾದ ಸವಣೂರಿನ ಮರಗಳಿಂದಲೇ ತಿಳಿಸಬಯಸುವೆನು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮಹಾವೃಕ್ಷಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರುವರು. ಆನೆಯ ಮೈಯಂತಿರುವ ಅವುಗಳ ಬೊಡ್ಡೆಯನ್ನು ಎಂಟು ಹುಡುಗಿಯರು ಕೈಕೈ ಹಿಡಿದು ನಿಂತರೂ ಸುತ್ತಲಾರರು. ಕಾಯಿಯೊಳಗಿನ ಬಿಳಿಯ ತಿರುಳು ಹುಳಿಯಾದುದರಿಂದಲೇ ಜನರು ಇದಕ್ಕೆ ದೊಡ್ಡಹುಣಸೆಯೆಂಬ ಹೆಸರಿಟ್ಟಿರಬೇಕು. ಇದರ ಮೂಲಸ್ಥಾನವು ಆಫ್ರಿಕಾ ಖಂಡ. ಇದಕ್ಕೆ ಬಾವೊಬಾಬ್ ಎಂಬ ಹೆಸರೂ ಉಂಟು.

ನಾನು ಹೊಸದಾಗಿ ಶಿಕ್ಷಕಿಯಾಗಿದ್ದಾಗ ಇದು ಹುಣಸೆಯದೇ ಒಂದು ಜಾತಿಯೆಂದು ತರಗತಿಯಲ್ಲಿ ಹೇಳಿದೆನು. ಮಳೆಗಾಲದ ಆರಂಭದಲ್ಲಿ ಸವಣೂರಿನ ಹುಡುಗಿಯೊಬ್ಬಳು ಉದುರಿದ ಹೂವೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, “ಅಕ್ಕೋರೇ, ಇದು ದಾಸವಾಳದ ಹಾಂಗ ಅದ ಅಲ್ಲರೀ?” ಎಂದು ಕೇಳಿದಳು. ನಾನು ಅವಳನ್ನು ಗದರಿಸಿ ಕುಳ್ಳಿರಿಸಿದೆನು. ಸಾಯಂಕಾಲ ಹೂವನ್ನು ಸೀಳಿ ನೋಡಿದಾಗ ತಪ್ಪು ನನ್ನದೆಂದು ತಿಳಿಯಿತು.

ಹೇಗೆಂದರೆ, ಮೊದಲು ಎಲೆಯನ್ನು ನೋಡಿರಿ. ಹುಣಸೆಯಲ್ಲಿ ಒಂದು ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು ಜೋಡಿಜೋಡಿಯಾಗಿರುವವು. ದೊಡ್ಡಹುಣಸೆಯಲ್ಲಿಯಾದರೋ ಐದರಿಂದ ಏಳು ಕಿರುಎಲೆಗಳು ಕೈಬೆರಳುಗಳಂತೆ ಒಂದೇ ಸ್ಥಳದಿಂದ ಹರಡುವವು. ಎರಡನೆಯದು ಹೂವು. ಹುಣಸೆಯ ಚಿಕ್ಕ ಹೂವಿನಲ್ಲಿ ಎದ್ದು ಕಾಣುವ ದಳಗಳು ಮೂರು, ಪರಾಗವುಳ್ಳ ಕೇಸರಗಳೂ ಮೂರು. ದೊಡ್ಡಹುಣಸೆಯ ಬಿಳಿಯ ಹೂವು ಉದ್ದವಾದ ತೊಟ್ಟಿನಿಂದ ಜೋತಾಡುತ್ತ ಸಾಯಂಕಾಲ ಅರಳುವದು. ಅದಕ್ಕೆ ಐದು ದಳಗಳು. ನೂರಾರು ಕೇಸರಗಳು ಬುಡದಲ್ಲಿ ಕೂಡಿಕೊಂಡು ಒಂದು ಕೊಳವೆಯಾಗಿರುವವು. ಆ ಕೊಳವೆಯ ನಡುವಿನಿಂದ ಅಂಡಾಶಯದ ಶಲಾಕೆಯು ಹೊರಬರುವದು. ನಿಮ್ಮ ಅಂಗಳದ ದಾಸವಾಳವನ್ನೂ ಹೊಲದ ಹತ್ತಿ, ಬೆಂಡೆ, ಪುಂಡಿಗಳ ಹೂಗಳನ್ನೂ ಸೀಳಿದರೆ ಅಂಥದೇ ಕೊಳವೆಯನ್ನು ಕಾಣುವಿರಿ. ಪುಂಡಿಯ ತೊಗಟೆಯಂತೆ ಈ ಮರದ ತೊಗಟೆಯಲ್ಲಿಯೂ ಗಟ್ಟಿಯಾದ ನಾರುಂಟು. ಕಡೆಯದಾಗಿ ಕಾಯಿ: ಹುಣಸೆಯದು ಅವರೆ, ತೊಗರಿಗಳಂತೆ ಕೋಡುಗಾಯಿ, ಇದರದು ಮರದಂಥ ಗಟ್ಟಿಯಾದ ಚಿಪ್ಪಿನ ಕಾಯಿ. ಆದುದರಿಂದ ದೊಡ್ಡಹುಣಸೆಯು ದಾಸವಾಳದ ಕುಟುಂಬಕ್ಕೆ ಸೇರಿದುದು. ಹುಣಸೆಯು ಅವರೆಯ ಕುಟುಂಬದ್ದು. ಹಿಂದೆ ಇದನ್ನು ಬೂರುಗದೊಡನೆ ಪ್ರತ್ಯೇಕ ಕುಟುಂಬದಲ್ಲಿ ಇಡುತ್ತಿದ್ದರು. ಅನುವಂಶಿಕ ದ್ರವ್ಯದ ಪರೀಕ್ಷೆಯಾದ ಮೇಲೆ ಆ ಎರಡು ಕುಟುಂಬಗಳೂ ಒಂದಾದವು.

ಈ ಮರದ ಶಾಸ್ತ್ರೀಯ ನಾಮವು ಅಡಾನ್ಸೋನಿಯಾ ಡಿಜಿಟಾಟಾ. ‘ಡಿಜಿಟಾಟಾ’ ಎಂದರೆ ಬೆರಳುಗಳುಳ್ಳದ್ದು. ಮೊದಲನೆಯ ಪದವು ಫ್ರಾನ್ಸ್ ದೇಶದ ಮಿಶೆಲ್ ಅಡಾನ್ಸನ್ ಎಂಬವನ ಸ್ಮರಣಾರ್ಥವಾಗಿದೆ. ಅವನು 1749ರಲ್ಲಿ ಆಫ್ರಿಕಾದ ಸೆನೆಗಲ್ ಪ್ರಾಂತಕ್ಕೆ ಹೋಗಿ ಈ ಮರವನ್ನು ಅಭ್ಯಾಸ ಮಾಡಿದನು. ಆ ಕಾಲದಲ್ಲಿ ಲಿನೇಯಸನು ಮುಖ್ಯವಾಗಿ ಕೇಸರಗಳನ್ನು ನೋಡಿ ಗಿಡಗಳನ್ನು ವರ್ಗೀಕರಿಸಿದ್ದನು. ಒಂದೇ ಲಕ್ಷಣವನ್ನು ನಂಬಬಾರದು, ಎಲೆ ಹೂವು ಕಾಯಿ ಬೀಜಗಳೆಲ್ಲವನ್ನೂ ಒಟ್ಟಾಗಿ ನೋಡಬೇಕು ಎಂದು ಅಡಾನ್ಸನನು 1763ರ ತನ್ನ ಗ್ರಂಥದಲ್ಲಿ ವಾದಿಸಿದನು. ಹುಳಿಯೆಂಬ ಒಂದೇ ಲಕ್ಷಣದಿಂದ ಹುಣಸೆಯೆನಿಸಿಕೊಂಡ ಮರಕ್ಕೆ ಅವನ ಹೆಸರೇ ಬಂದಿರುವದು ವಿಚಿತ್ರವಲ್ಲವೇ?

ಇನ್ನು ಕಾಂಡದ ರಚನೆ. ತೇಗದಂಥ ಮರದಲ್ಲಿ ದಪ್ಪಗೋಡೆಯ ಜೀವಕೋಶಗಳು ಹೆಚ್ಚಾದುದರಿಂದ ಕಟ್ಟಿಗೆಯು ಗಟ್ಟಿಯಾಗಿರುವದು. ದೊಡ್ಡಹುಣಸೆಯಲ್ಲಿ ನೀರು ತುಂಬಿದ ತೆಳುಗೋಡೆಯ ಕೋಶಗಳೇ ಹೆಚ್ಚು. ಅದರ ಬೊಡ್ಡೆಯು ಒಂದು ಹಗೇವಿದ್ದಂತೆ, ಧಾನ್ಯದ ಬದಲು ನೀರನ್ನು ಕೂಡಿಡುವದು. 2023ರ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿತು. ಅದನ್ನು ಕಟ್ಟಿಗೆಯೆಂದು ಕಡಿದುಹಾಕದೆ ಎತ್ತಿ ಮರಳಿ ನೆಟ್ಟರು. ಇಂಥ ಮರವು ನೆಲಕ್ಕೊರಗಿದರೂ ಕೂಡಲೇ ಸಾಯದು, ಚಿಗುರಲೂಬಹುದು ಎಂಬ ತಿಳಿವಳಿಕೆಯಿಂದ ಎಷ್ಟು ಪ್ರಯೋಜನವೆಂಬದನ್ನು ಇದರಿಂದ ಅರಿಯಬಹುದು.

ಮರುದಿನ ನಾನು ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು, ಆ ಹುಡುಗಿಯ ಕೈಯಿಂದಲೇ ಹೂವಿನ ಪಾಠವನ್ನು ಮಾಡಿಸಿದೆನು. ಪಾಲಕರಲ್ಲಿ ನನ್ನ ವಿನಂತಿಯಿಷ್ಟೇ: ನಿಮ್ಮ ಮಗಳು ಹೂವೊಂದನ್ನು ತಂದು ಪ್ರಶ್ನೆ ಕೇಳಿದರೆ ನನ್ನಂತೆ ಗದರಿಸಬೇಡಿರಿ. ಒಂದು ಸೂಜಿಯನ್ನು ತಂದು ಅವಳೊಡನೆ ಕುಳಿತು ಹೂವನ್ನು ಬಿಡಿಸಿ ನೋಡಿರಿ.