ಮುಷ್ಟಿಗೆ ಎಂಥ ಕಸುವು ಬೇಕು?

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಒಳತೊಟ್ಟಿಯಲ್ಲಿ ಕೆಮ್ಮಣ್ಣಿನ ಅಂಕಣ ಅಣಿಯಾಗಿರುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಜೋಡಿಯಾಗಿ ಬಂದು ಎದುರುಬದುರು ನಿಲ್ಲುತ್ತಾರೆ. ಕೈಬೆರಳಿಗೆ ಮೊನೆಗಳಿರುವ ವಜ್ರನಖ. ಹಿರಿಯರ ಸನ್ನೆ ಸಿಕ್ಕಿದ್ದೇ ತಡ, ಎರಡು ಕೈ ಮಿಂಚಿದಂತಾಗಿ ಒಬ್ಬನ ನೆತ್ತಿಯಲ್ಲಿ ರಕ್ತದ ಹನಿ ಮೂಡುತ್ತದೆ. ಕಾಳಗ ಅಲ್ಲಿಗೆ ಮುಗಿಯಿತು. ಕತ್ತು ಚಾಚಿ ಜಾಗ ಹುಡುಕುತ್ತಿದ್ದವರಿಗೆ ಎಷ್ಟೋ ಸಲ ಏನೂ ಕಂಡಿರುವುದಿಲ್ಲ.

ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನದವರು ಈ ಕೆಲವು ಕ್ಷಣಗಳಿಗಾಗಿ ವಾರಗಟ್ಟಲೆ ತಾಲೀಮು ಮಾಡಿರುತ್ತಾರೆ. ದಂಡ, ಬಸ್ಕಿ, ಗದೆ, ಮಣ್ಣಿನಲ್ಲಿ ಹೊರಳಾಟ ಎಲ್ಲವೂ ಆಗಿರುತ್ತದೆ. ಆದರೆ ಅಂಕಣಕ್ಕೆ ಇಳಿದ ಮೇಲೆ ಎಷ್ಟು ಭಾರ ಎತ್ತಬಲ್ಲೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಎದುರಾಳಿಗಿಂತ ಒಂದು ಎವೆಯಿಕ್ಕುವಷ್ಟು ಮೊದಲು ಕೈ ತಲುಪಬೇಕು, ತಲುಪಿದ ಕೈ ಅಷ್ಟೇ ಬೇಗ ಹಿಂದಕ್ಕೆ ಬರಬೇಕು. ಮೈಯಲ್ಲಿ ಕೂಡಿಟ್ಟ ಕಸುವನ್ನು ಮುಷ್ಟಿಯ ವೇಗವಾಗಿ ಮಾರ್ಪಡಿಸುವುದು ಹೇಗೆ ಎಂಬುದೇ ಈ ವಿದ್ಯೆಯ ತಿರುಳು. ಇಂದು ಕೈಗವಸು ತೊಟ್ಟು ಸ್ಪರ್ಧೆಗೆ ಇಳಿಯುವ ಬಾಕ್ಸರ್‌ನ ತಲೆನೋವೂ ಇದೇ. ಹಾಗಾಗಿ ಮೈಸೂರಿನ ಗರಡಿಯನ್ನು ಅವನ ಕಣ್ಣಿನಿಂದ ಒಮ್ಮೆ ನೋಡುವುದು ಒಳ್ಳೆಯದು.

ಮುಷ್ಟಿಕಾಳಗ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಒಂದು ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕು ಎನ್ನುತ್ತಾನೆ ದೊರೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸುಗಳನ್ನು ಅರಮನೆಯೇ ಅವರಿಗೆ ಒದಗಿಸಬೇಕಂತೆ. ಭಾರ ಹೊರುವುದಕ್ಕೆ ಭಾರಶ್ರಮ, ನಡೆದಾಡುವುದಕ್ಕೆ ಭ್ರಮಣಶ್ರಮ, ನೀರಿಗಿಳಿಯುವುದಕ್ಕೆ ಸಲಿಲಶ್ರಮ, ಕಂಬದ ಸಾಧನೆಗೆ ಸ್ತಂಭಶ್ರಮ ಎಂದು ಕಸರತ್ತುಗಳಿಗೆ ಬೇರೆ ಬೇರೆ ಹೆಸರುಗಳೇ ಇವೆ. ಇಷ್ಟೊಂದು ಹೆಸರಿರುವುದು ಸಣ್ಣ ಸಂಗತಿಯಲ್ಲ. ಭಾರ ಎತ್ತುವುದು ಒಂದು ಕೆಲಸ, ಉಸಿರಿನ ತಾಳಿಕೆ ಇನ್ನೊಂದು, ಹಿಡಿತ ಮತ್ತೊಂದು, ಒಂದರಿಂದ ಇನ್ನೊಂದು ತಾನಾಗಿ ಬರುವುದಿಲ್ಲ ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದೆಯೇ ಇಲ್ಲಿತ್ತು.

ಇದಾದ ನಾನೂರು ವರ್ಷಕ್ಕೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸರು ಬೆರಗಾಗಿ ಬರೆದರು. ಇಲ್ಲಿಯ ಕುಸ್ತಿ ನಮ್ಮದರಂತಲ್ಲ, ಹಲ್ಲು ಮುರಿಯುವ ಹಾಗೆ ಹೊಡೆದುಕೊಳ್ಳುತ್ತಾರೆ ಎಂದ ಡೊಮಿಂಗೊ ಪಾಯಸ್. ಕೈಯಲ್ಲಿ ಮೊನೆಯಿರುವ ಬಳೆಗಳನ್ನು ಹಿಡಿದು ಹೊಡೆಯುತ್ತಾರೆ, ಹೆಚ್ಚು ಗಾಯಗೊಂಡವನಿಗೆ ದೊರೆಯಿಂದ ರೇಷ್ಮೆ ಬಟ್ಟೆ ಸಿಗುತ್ತದೆ ಎಂದು ಫರ್ನಾವೊ ನೂನಿಜ್ ದಾಖಲಿಸಿದ. ವಿಜಯನಗರದ ನವರಾತ್ರಿ ಸಂಭ್ರಮವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಗುಜರಾತಿನ ಮೊಢೇರಾ ಕಡೆಯ ಜ್ಯೇಷ್ಠಿಮಲ್ಲರೆಂಬ ಮಲ್ಲ ಮನೆತನದವರಿಗೂ ನಮ್ಮ ಜಟ್ಟಿಗಳಿಗೂ ನಂಟಿದೆ. ಅಲ್ಲಿ ಲಿಂಬಜಾ ಎನಿಸಿಕೊಂಡ ಕುಲದೇವತೆ ಇಲ್ಲಿ ನಿಂಬಜಾದೇವಿ. ಜ್ಯೇಷ್ಠಿಮಲ್ಲರಿಗೆ ‘ಮಲ್ಲಪುರಾಣ’ ಎಂಬ ಕುಲಗ್ರಂಥವೂ ಇದೆ.

ಜಟ್ಟಿಗಳ ಆಯುಧವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದವನು 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್. ಎಮ್ಮೆಯ ಕೊಂಬಿನಿಂದ ಮಾಡಿದ್ದು, ಅಂಗೈಗೆ ಒಗ್ಗುವಂಥದ್ದು. ಬೆರಳ ಗೆಣ್ಣುಗಳಿಗೆ ಸರಿಯಾಗಿ ನಾಲ್ಕು ಚೂಪು ಮೊನೆ, ಕಿರುಬೆರಳ ಬದಿಗೆ ಅಡ್ಡಲಾಗಿ ಇನ್ನೂ ದೊಡ್ಡದಾದ ಐದನೆಯದು. ಇದನ್ನು ತೊಟ್ಟವನಿಗೆ ಏಟಿನ ಭಾರ ಹೆಚ್ಚಿಸಿಕೊಳ್ಳುವ ಅಗತ್ಯವೇ ಇಲ್ಲ, ತಾಗಿದರೆ ಸಾಕು. ಹಾಗಾಗಿ ಅಭ್ಯಾಸದ ಹೊತ್ತಿನಲ್ಲಿ ಕೈಗೆ ಕಾವಿಯಲ್ಲಿ ಅದ್ದಿದ ಬಟ್ಟೆ ಸುತ್ತಿಕೊಳ್ಳುವ ಪದ್ಧತಿ ಬಂತು. ಯಾರ ಮೈಮೇಲೆ ಎಲ್ಲಿ ಕೆಂಪು ಗುರುತು ಬಿತ್ತು ಎಂಬುದು ಆಮೇಲೆ ಎಲ್ಲರಿಗೂ ಕಾಣುತ್ತದೆ. ವಾದಕ್ಕೆ ಎಡೆಯಿಲ್ಲ. ಏಟನ್ನು ಎಣಿಸಲು ಇದಕ್ಕಿಂತ ಸರಳವಾದ, ಚೆಂದದ ಉಪಾಯ ನನಗೆ ತೋಚದು.

ಇನ್ನು ಗರಡಿಗೆ ಬರೋಣ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇವತ್ತಿಗೂ ತಗ್ಗು ಬಾಗಿಲಿನ, ಕಿಟಕಿ ಕಡಿಮೆಯಿರುವ ಗರಡಿಮನೆಗಳು ಉಳಿದಿವೆ. ಬಾಗಿ ಒಳಹೊಕ್ಕರೆ ಆಂಜನೇಯನ ಪಟ, ಅದರ ಮುಂದೆ ಮಟ್ಟಿ. ಎಣ್ಣೆ, ಮಜ್ಜಿಗೆ, ಅರಿಶಿನ ಸೇರಿಸಿ ಹದ ಮಾಡಿದ ಕೆಮ್ಮಣ್ಣು ಅದು. ಗೋಡೆಗೆ ಒರಗಿಸಿದ ಗದೆಗಳು, ಮರದ ಮುದ್ಗರಗಳು, ಎತ್ತುವ ಗುಂಡುಕಲ್ಲು, ಕುತ್ತಿಗೆಗೆ ಹಾಕಿಕೊಳ್ಳುವ ಕಲ್ಲಿನ ಬಳೆ. ಈ ಸಲಕರಣೆಗಳೆಲ್ಲ ಹುಟ್ಟಿದ್ದು ಕುಸ್ತಿಗಾಗಿ. ಕುಸ್ತಿಯಲ್ಲಿ ಎದುರಾಳಿಯ ಮೈಯೇ ಹೊರೆ. ಹಿಡಿದರೆ ಬಿಡಬಾರದು, ಒತ್ತಿದರೆ ಸಡಿಲಬಾರದು. ಮುಷ್ಟಿಕಾಳಗದ ಲೆಕ್ಕ ತಿರುವುಮುರುವು. ಮುಷ್ಟಿ ತಾಗುವ ಗಳಿಗೆಯವರೆಗೂ ತೋಳು ಸಡಿಲವಾಗಿರಬೇಕು, ತಾಗಿದಾಗ ಮಾತ್ರ ಬಿಗಿಯಬೇಕು, ಮರುಗಳಿಗೆ ಮತ್ತೆ ಸಡಿಲ. ಕುಸ್ತಿಯ ಪೈಲ್ವಾನನ ಸದಾ ಬಿಗಿದ ಭುಜ ಬಾಕ್ಸರ್‌ಗೆ ಕಾಲಿಗೆ ಕಟ್ಟಿದ ಕಲ್ಲು.

ಹಾಗಾದರೆ ಬಾಕ್ಸರ್ ಭಾರ ಎತ್ತಲೇಬಾರದೆ? ಹಳೆಯ ತರಬೇತುದಾರರು ಬಾರದು ಎಂದೇ ನಂಬಿದ್ದರು. ಮೈ ಗಟ್ಟಿಯಾದರೆ ಕೈ ಮಂದವಾಗುತ್ತದೆ ಎಂಬ ಅಂಜಿಕೆ. ಮಹಮ್ಮದ್ ಅಲಿ ಭಾರ ಎತ್ತುವುದರಿಂದ ದೂರವೇ ಇದ್ದ. ಪೆನ್ಸಿಲ್ವೇನಿಯಾದ ಡೀರ್ ಲೇಕ್‌ನಲ್ಲಿ 1972ರಲ್ಲಿ ಕಟ್ಟಿಕೊಂಡ ಶಿಬಿರದಲ್ಲಿ ಅವನು ಕೊಡಲಿ ಹಿಡಿದು ಮರ ಕಡಿಯುತ್ತಿದ್ದ. 1988ರಲ್ಲಿ ಇವಾಂಡರ್ ಹೋಲಿಫೀಲ್ಡ್ ಬೇರೆ ದಾರಿ ಹಿಡಿದ. ಸುಮಾರು 86 ಕಿಲೋ ಮಿತಿಯ ಕ್ರೂಸರ್‌ವೇಟ್ ಬಿಟ್ಟು ಹೆವಿವೇಟ್‌ಗೆ ಏರುವಾಗ ದೇಹದಾರ್ಢ್ಯದಲ್ಲಿ ಮಿಸ್ಟರ್ ಒಲಿಂಪಿಯಾ ಆಗಿದ್ದ ಲೀ ಹೇನಿಯ ನೆರವು ಪಡೆದ. 1990ರಲ್ಲಿ ಬಸ್ಟರ್ ಡಗ್ಲಸ್‌ನನ್ನು ಕೆಡವಿ ವಿಶ್ವ ಚಾಂಪಿಯನ್ ಆದಾಗ ಅವನ ತೂಕ ಸುಮಾರು 94 ಕಿಲೋ. ಕೈ ಮಂದವಾಗಿರಲಿಲ್ಲ. ಹಾಗೆಂದು ಹಳಬರ ಅಂಜಿಕೆ ಪೂರ್ತಿ ಸುಳ್ಳೇನೂ ಅಲ್ಲ. ಯಾವ ಭಾರ, ಎಷ್ಟು ಸಲ, ಯಾವಾಗ ಎಂಬುದನ್ನು ತಪ್ಪಿದರೆ ಕೈ ಮಂದವಾಗುವುದು ನಿಜವೇ.

ಮೈಯ ಯಾವ ಭಾಗಕ್ಕೆ ಕಸುವು ಬೇಕು ಎಂಬುದಕ್ಕೆ ಅಂಕಿಗಳ ಆಧಾರ ಕೊಟ್ಟವರು ಸೋವಿಯತ್ ಒಕ್ಕೂಟದ ಸಂಶೋಧಕರು. ಫಿಲಿಮೊನೊವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನೂರಕ್ಕೂ ಹೆಚ್ಚು ಬಾಕ್ಸರ್‌ಗಳ ಏಟನ್ನು ಅಳೆದು, ಅದರ ಬಲ ಮೈಯ ಯಾವ ಭಾಗದಿಂದ ಎಷ್ಟು ಬರುತ್ತದೆ ಎಂದು ಬಿಡಿಸಿ ನೋಡಿದರು. ನುರಿತವರಲ್ಲಿ ಸುಮಾರು ಶೇ 38ರಷ್ಟು ಕಾಲಿನಿಂದ, ಶೇ 37ರಷ್ಟು ನಡು ತಿರುಗುವುದರಿಂದ, ಶೇ 24ರಷ್ಟು ಮಾತ್ರ ತೋಳಿನಿಂದ. ಕೆಳದರ್ಜೆಯವರಲ್ಲಿ ತೋಳಿನ ಪಾಲು ಶೇ 38, ಕಾಲಿನ ಪಾಲು ಶೇ 16ರ ಆಸುಪಾಸು. ನೆಲವನ್ನು ಒತ್ತಿದ ಪಾದದಿಂದ ಹೊರಟ ಬಲ ಸೊಂಟದಲ್ಲಿ ತಿರುಗಿ, ಹೆಗಲು ದಾಟಿ ಮುಷ್ಟಿಯಲ್ಲಿ ಸಿಡಿಯುವುದನ್ನು ಕಲಿತವನೇ ನುರಿತವನು. ಕನ್ನಡಿ ಮುಂದೆ ನಿಂತು ರಟ್ಟೆ ಊದಿಸಿಕೊಳ್ಳುವ ಹುಡುಗನಿಗೆ ಈ ಅಂಕಿಗಳನ್ನು ತೋರಿಸಬೇಕು.

ಈ ಕಣ್ಣಿನಿಂದ ನೋಡಿದರೆ ಗರಡಿಯ ಸಾಮಾನುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತಿದ್ದಬೇಕು ಎಂಬುದು ತಿಳಿಯುತ್ತದೆ. ಗದೆ, ಮುದ್ಗರ ಮೊದಲು. ತಲೆಯ ಹಿಂದಿನಿಂದ ಸುತ್ತಿ ಬರುವ ಗದೆ ಹೆಗಲಿನ ಕೀಲನ್ನು ಸಡಿಲವಾಗಿಟ್ಟೇ ಬಲಗೊಳಿಸುತ್ತದೆ. ಓಡುವ ಭಾರವನ್ನು ತಡೆದು ಹಿಂದಕ್ಕೆ ಎಳೆಯುವ ಸ್ನಾಯುಗಳಿಗೂ ಕೆಲಸ ಕೊಡುತ್ತದೆ. ಹೊಡೆದ ಕೈಯನ್ನು ಮರಳಿ ಗಲ್ಲದ ಬಳಿಗೆ ತರುವುದು ಇವೇ ಸ್ನಾಯುಗಳು. ನಡುವೂ ಗದೆಯ ಜತೆಗೇ ತಿರುಗುತ್ತದೆ. ಕುತ್ತಿಗೆಯ ಕಸರತ್ತೂ ಇರಲಿ, ಏಟು ಬಿದ್ದಾಗ ತಲೆ ಗಿರ್ರನೆ ತಿರುಗದಂತೆ ಹಿಡಿಯುವುದು ಕುತ್ತಿಗೆಯೇ ತಾನೆ.

ಬಸ್ಕಿಯ ವಿಚಾರದಲ್ಲಿ ಮಾತ್ರ ತಿದ್ದುಪಡಿ ಬೇಕು. ಸಾವಿರ ಬಸ್ಕಿ ಹೊಡೆದೆ ಎನ್ನುವುದು ಗರಡಿಯಲ್ಲಿ ಹೆಮ್ಮೆಯ ಮಾತು. ಕುಸ್ತಿಗೆ ಬೇಕಾದ ತಾಳಿಕೆ ಅದರಿಂದ ಬರುತ್ತದೆ. ಆದರೆ ನಿಧಾನಕ್ಕೆ ಸಾವಿರ ಸಲ ಮಾಡಿದ ಕಾಲು ನಿಧಾನವನ್ನೇ ಕಲಿಯುತ್ತದೆ. ಬಾಕ್ಸರ್‌ಗೆ ಬೇಕಾದದ್ದು ಹೆಗಲ ಮೇಲೆ ಸಾಕಷ್ಟು ಭಾರ ಹೊತ್ತು ಮಾಡುವ ಕೆಲವೇ ಬಸ್ಕಿ, ಅದರ ಜತೆಗೆ ನೆಲ ಬಿಟ್ಟು ಪುಟಿಯುವ ನೆಗೆತ. ದಂಡದ್ದೂ ಹಾಗೆಯೇ. ಕೈ ನೆಲದಿಂದ ಮೇಲೆ ಚಿಮ್ಮುವ ಹತ್ತು ದಂಡ ಎಳೆದಾಡಿ ಮುಗಿಸಿದ ನೂರಕ್ಕಿಂತ ಲೇಸು.

ಇಲ್ಲಿ ತೂಕದ ಪ್ರಶ್ನೆ ಬೇರೆ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ವಿಭಾಗಗಳು 51, 57, 63.5, 71 ಹೀಗೆ ಏರುತ್ತಿದ್ದವು. 57 ಕಿಲೋದ ಹುಡುಗ ಜಿಮ್‌ಗೆ ಹೋಗಿ ಎರಡು ಕಿಲೋ ಮಾಂಸ ಬೆಳೆಸಿಕೊಂಡ ಎನ್ನಿ. ಒಂದೋ ಅವನು 63 ಕಿಲೋದವನ ಎದುರು ನಿಲ್ಲಬೇಕು, ಇಲ್ಲವೇ ಪಂದ್ಯಕ್ಕೆ ಮೊದಲು ಹಸಿದು, ನೀರು ಬಿಟ್ಟು, ಬೆಳೆಸಿಕೊಂಡದ್ದನ್ನು ಕಳೆದುಕೊಳ್ಳಬೇಕು. ಆದ್ದರಿಂದ ತಿಳಿದ ತರಬೇತುದಾರರು ಭಾರ ಹೆಚ್ಚು, ಎಣಿಕೆ ಕಡಿಮೆ, ನಡುನಡುವೆ ಧಾರಾಳ ವಿರಾಮ ಎಂಬ ಲೆಕ್ಕ ಹಿಡಿಯುತ್ತಾರೆ. ಇದರಿಂದ ಸ್ನಾಯು ಅಷ್ಟಾಗಿ ಉಬ್ಬುವುದಿಲ್ಲ, ಇರುವ ಸ್ನಾಯುವೇ ಹೆಚ್ಚು ಜೋರಾಗಿ ದುಡಿಯಲು ಕಲಿಯುತ್ತದೆ. ವಾರಕ್ಕೆ ಎರಡು ಮೂರು ದಿನ ಸಾಕು. ಅದೂ ಏಟಿನ ಅಭ್ಯಾಸ ಮುಗಿದ ಮೇಲೆ, ದಣಿದ ಕೈಯಲ್ಲಿ ಕಲಿತ ಏಟು ಕೆಟ್ಟ ಚಾಳಿಯಾಗಿ ಕೂತುಬಿಡುತ್ತದೆ. ಪಂದ್ಯ ಹತ್ತಿರ ಬಂದಂತೆ ಭಾರ ಇಳಿದು, ವೇಗ ಮಾತ್ರ ಉಳಿಯಬೇಕು. ಮೂರು ನಿಮಿಷದ ಮೂರು ಸುತ್ತಿಗೆ ಬೇಕಾದ ಉಸಿರು ಓಟದಿಂದ, ಹಗ್ಗದಾಟದಿಂದ, ಕಣದೊಳಗಿನ ಅಭ್ಯಾಸದಿಂದಲೇ ಬರಬೇಕು.

ಗರಡಿಯ ಮುದ್ಗರದ ಪ್ರಯಾಣವೂ ಸೊಗಸಾದದ್ದು. ಹಿಂದೂಸ್ತಾನದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಇದನ್ನು ನೋಡಿ ಕಲಿತರು. 1834ರಲ್ಲಿ ಡೊನಾಲ್ಡ್ ವಾಕರ್ ಎಂಬವನು ಲಂಡನ್ನಿನಲ್ಲಿ ಪುಸ್ತಕ ಬರೆದು ಹಬ್ಬಿಸಿದ. ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಅದು 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಯಿತು. ಈಗ ಉಕ್ಕಿನ ಗದೆಯಾಗಿ ಹವಾನಿಯಂತ್ರಿತ ಜಿಮ್‌ಗಳಿಗೆ ಮರಳಿ ಬಂದಿದೆ. ಅರಮನೆಯಲ್ಲಿ ಗರಡಿಗೂ ಯೋಗಕ್ಕೂ ಇಂಥದೇ ಕೊಡುಕೊಳೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಚಿತ್ರಸಹಿತ ಬಂದಿರುವ 122 ಆಸನಗಳ ನಡುವೆ ಹಗ್ಗದ ಮೇಲಿನವೂ ಇವೆ, ಗರಡಿಯ ದಂಡವನ್ನು ಹೋಲುವವೂ ಇವೆ.

ಜಟ್ಟಿಗಳ ಕೈಗೆ ಇನ್ನೊಂದು ಕಸುಬು ಗೊತ್ತಿತ್ತು. ನರನೋವಿಗೆ ಎಣ್ಣೆ ತಿಕ್ಕುವುದು, ಮೈಕೈ ನೋವಿಗೆ ಮದ್ದು ಹಚ್ಚುವುದು. ಮೈಯ ಯಾವ ಎಡೆ ಮೆದು ಎಂದು ತಿಳಿದವನಿಗೆ ಅದನ್ನು ಸರಿಪಡಿಸುವ ಬಗೆಯೂ ತಿಳಿದಿರುತ್ತದೆ. ಬಾಕ್ಸಿಂಗ್ ಕಲಿಯುವ ಇಂದಿನ ಹುಡುಗ ಹುಡುಗಿಯರಿಗೆ ಮಣಿಕಟ್ಟು, ಹೆಗಲು ನೋಡಿಕೊಳ್ಳುವ ಇಂಥ ಹಿರಿಯರ ಆಸರೆ ಸಿಗಬೇಕು. ಭಾರದ ಪಟ್ಟಿಯ ಕೊರತೆಗಿಂತ ಆ ಆಸರೆಯ ಕೊರತೆಯೇ ದೊಡ್ಡದು.

ಗರಡಿಯಲ್ಲಿ ಹೊಸಬನಿಗೆ ಮೊದಲು ಸಿಗುವುದು ಗದೆಯಲ್ಲ, ಗುದ್ದಲಿ. ಜೋಡಿ ಹಿಡಿಯುವ ಮೊದಲು ಮಟ್ಟಿಯನ್ನು ಅಗೆದು ಮೆದು ಮಾಡಬೇಕು. ಎರಡೂ ಪಾದ ಊರಿ, ಗುದ್ದಲಿ ತಲೆಯ ಮೇಲೆತ್ತಿ, ಸೊಂಟ ತಿರುಗಿಸಿ ಇಳಿಸಬೇಕು. ಬರೀ ತೋಳಿನಿಂದ ಅಗೆದವನು ಹತ್ತೇಟಿಗೆ ಸುಸ್ತು. ಕಾಲಿನಿಂದ ಅಗೆಯುವುದನ್ನು ಕಂಡುಕೊಂಡವನು ಅಂಕಣದ ಆ ತುದಿ ಮುಟ್ಟುತ್ತಾನೆ, ಬೆವರು ಒರೆಸಿಕೊಂಡು ಮತ್ತೆ ಈ ತುದಿಯಿಂದ ಶುರುಮಾಡುತ್ತಾನೆ.