ಎರಡು ಅಡಿಯ ರೈಲು

ರೈಲು ಹತ್ತಬೇಕು ಅಂದರೆ ಸೊರಬದವರು ಸಾಗರಕ್ಕೆ ಹೋಗಬೇಕು. ಶಿಕಾರಿಪುರದವರು ಶಿವಮೊಗ್ಗದ ಬಸ್ಸು ಹಿಡಿಯಬೇಕು. ನಮ್ಮ ಎರಡೂ ತಾಲ್ಲೂಕು ಕೇಂದ್ರಗಳಿಗೆ ಇನ್ನೂ ರೈಲು ಬಂದಿಲ್ಲ. ಆದರೆ ನಮ್ಮ ಜಿಲ್ಲೆಯ ಪಕ್ಕದ ತರೀಕೆರೆ ಕಾಡಿನಲ್ಲಿ ನೂರು ವರ್ಷದ ಹಿಂದೆಯೇ ಒಂದು ಪುಟ್ಟ ರೈಲು ಓಡುತ್ತಿತ್ತು. ಅದು ಅಷ್ಟು ಸಣ್ಣದು ಯಾಕೆ? ತಿಳಿಯೋಣ ಬನ್ನಿ.

ರೈಲಿಗೆ ಎರಡು ಕಬ್ಬಿಣದ ಹಳಿ ಇರುತ್ತವೆ. ಅವುಗಳ ನಡುವಿನ ಅಗಲಕ್ಕೆ ಗೇಜ್ ಅನ್ನುತ್ತಾರೆ. ಬ್ರಾಡ್‌ಗೇಜ್ ಐದೂವರೆ ಅಡಿ. ಮೀಟರ್‌ಗೇಜ್ ಮೂರು ಅಡಿ ಮೂರು ಅಂಗುಲದಷ್ಟು. ನ್ಯಾರೋಗೇಜ್ ಇನ್ನೂ ಕಿರಿದು. ಕೆಲವು ಎರಡೂವರೆ ಅಡಿ, ಕೆಲವು ಎರಡೇ ಅಡಿ. ಎರಡು ಅಡಿ ಅಂದರೆ ಒಂದೂವರೆ ಮೊಳವೂ ಇಲ್ಲ!

ನಮ್ಮ ದೇಶದ ಮೊದಲ ನ್ಯಾರೋಗೇಜ್ ರೈಲು ಗುಜರಾತಿನದು. ಬರೋಡದ ಮಹಾರಾಜರು 1862ರಲ್ಲಿ ದಭೋಯಿ ಊರಿಗೆ ಹಾಕಿಸಿದರು. ಅದನ್ನು ಎಳೆದದ್ದು ಯಾವುದು ಗೊತ್ತೇ? ಎತ್ತುಗಳು! ಮರುವರ್ಷ ಉಗಿ ಎಂಜಿನ್ ತರಿಸಿದರು. ಆದರೆ ಹಳಿ ತೀರಾ ಹಗುರ. ಒಂದು ಮೀಟರ್ ಹಳಿಯ ತೂಕ ಸುಮಾರು ಆರೂವರೆ ಕಿಲೋ ಅಷ್ಟೆ. ಈಗಿನ ದೊಡ್ಡ ರೈಲಿನ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ. ಎಂಜಿನ್ ಭಾರ ಆ ಹಳಿ ತಡೆಯಲಿಲ್ಲ. ಮತ್ತೆ ಎತ್ತುಗಳೇ ಎಳೆದವು. ಗಟ್ಟಿ ಹಳಿ ಹಾಕಿ 1873ರಿಂದ ಎಂಜಿನ್ ಓಡಿಸಿದರು.

ಉಗಿ ಎಂಜಿನ್ ಹೇಗೆ ಓಡುತ್ತದೆ? ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿಯುವುದನ್ನು ನೀವು ದಿನಾ ನೋಡುತ್ತೀರಿ. ಮುಚ್ಚಳ ಎತ್ತುವುದು ಉಗಿ. ಎಂಜಿನ್ನಿನಲ್ಲೂ ಒಂದು ಒಲೆ ಇದೆ. ಅದಕ್ಕೆ ಕಲ್ಲಿದ್ದಲು ಇಲ್ಲವೆ ಸೌದೆ ಹಾಕುತ್ತಾರೆ. ದೊಡ್ಡ ಹಂಡೆಯಂಥ ಬಾಯ್ಲರಿನಲ್ಲಿ ನೀರು ಕುದಿಯುತ್ತದೆ. ಉಗಿಗೆ ಹೊರಗೆ ಹೋಗಲು ದಾರಿ ಬಿಡುವುದಿಲ್ಲ. ಅದು ಕೊಳವೆಯೊಳಗಿನ ಬಿರಡೆಯನ್ನು ಹಿಂದೆ ಮುಂದೆ ತಳ್ಳುತ್ತದೆ. ಬಿರಡೆಗೆ ಸೇರಿದ ಕಬ್ಬಿಣದ ಸರಳು ಚಕ್ರ ತಿರುಗಿಸುತ್ತದೆ. ಒಲೆ ಉರಿಸುವವನು ಒಬ್ಬ, ಎಂಜಿನ್ ಓಡಿಸುವವನು ಒಬ್ಬ. ಒಲೆಯ ಮುಂದೆ ಬೇಯುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ.

ಕಿರಿದಾದ ಹಳಿಗೆ ಖರ್ಚು ಕಮ್ಮಿ. ಗುಡ್ಡ ಹೆಚ್ಚು ಕಡಿಯಬೇಕಾಗಿಲ್ಲ. ಸಣ್ಣ ಎಂಜಿನ್ ಬಿಗಿ ತಿರುವಿನಲ್ಲೂ ತಿರುಗುತ್ತದೆ. ಮಲೆನಾಡಿಗೆ ಇದೇ ಸರಿ ಅಂತ ಮೈಸೂರು ಸರ್ಕಾರದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿಯ ಹಳಿ ಹಾಕಿದರು. ಉದ್ದ ಸುಮಾರು 27 ಮೈಲಿ. ಅದು 1915-16ರ ಸುಮಾರಿನ ಮಾತು. ಮುಖ್ಯವಾಗಿ ಬೇಕಾಗಿದ್ದದ್ದು ಕಾಡಿನ ಮರ. ಭದ್ರಾವತಿ ಕಬ್ಬಿಣದ ಕಾರ್ಖಾನೆಗೂ ಕಾಡಿನಿಂದ ಸೌದೆ ತರಲು ಇಂಥದೇ ಸಣ್ಣ ಹಳಿ ಇತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಇದ್ದಿಲೇ ಉರುವಲು. ಎಷ್ಟು ಮರ ಹೋಗಿರಬೇಕು, ಯೋಚನೆ ಮಾಡಿ.

ಸಣ್ಣ ರೈಲಿಗೆ ಒಂದು ದೊಡ್ಡ ತೊಡಕು ಇತ್ತು. ಶಿವಮೊಗ್ಗಕ್ಕೆ 1899ರಲ್ಲಿ ಬಂದ ರೈಲು ಮೀಟರ್‌ಗೇಜಿನದು. ತರೀಕೆರೆಯೂ ಅದೇ ದಾರಿಯಲ್ಲಿದೆ. ಎರಡು ಅಡಿಯ ಗಾಡಿ ಆ ಹಳಿಯ ಮೇಲೆ ಹೋಗಲಾರದು. ಸರಕನ್ನು ಒಂದರಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕು. ಕೂಲಿ ದಂಡ, ಹೊತ್ತು ದಂಡ. ಲಾರಿ, ಬಸ್ಸು ಬಂದ ಮೇಲೆ ಸಣ್ಣ ರೈಲು ಯಾರಿಗೆ ಬೇಕು? ತರೀಕೆರೆಯ ಆ ಪುಟ್ಟ ರೈಲು ಈಗ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎರಡೂವರೆ ಅಡಿಯ ರೈಲು ಇನ್ನೂ ಬಹಳ ವರ್ಷ ಓಡಿತು. 2013ರ ಹೊತ್ತಿಗೆ ಅಲ್ಲೂ ಪೂರ್ತಿ ಬ್ರಾಡ್‌ಗೇಜ್ ಆಯಿತು. ಸಾಗರ, ತಾಳಗುಪ್ಪದ ಮೀಟರ್‌ಗೇಜ್ ಹಳಿಯೂ ಹಾಗೇ ಬದಲಾಗಿದೆ.

ಈಗ ಶಿವಮೊಗ್ಗದಿಂದ ಶಿಕಾರಿಪುರ ದಾಟಿ ರಾಣೆಬೆನ್ನೂರಿಗೆ ಹೊಸ ಬ್ರಾಡ್‌ಗೇಜ್ ದಾರಿಗೆ ಒಪ್ಪಿಗೆ ಸಿಕ್ಕಿದೆ. ಅಗಲ ಹಳಿಗೆ ಜಮೀನೂ ಹೆಚ್ಚು ಬೇಕು. ಜಮೀನು ಬಿಡಬೇಕಾದವರಿಗೆ ನೋಟಿಸು ಬರುತ್ತದೆ. ಅದರಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ ಇರುತ್ತದೆ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತಲ್ಲ! ಪಹಣಿ ಪಕ್ಕಕ್ಕೆ ಇಟ್ಟುಕೊಂಡು ನೀವೇ ತಾಳೆ ನೋಡಿ. ಪಹಣಿಯಲ್ಲಿ ಯಾರ ಹೆಸರಿದೆ, ನಿಮ್ಮ ಹೆಸರು ಇದೆಯೇ ಅದನ್ನೂ ಓದಿ.

ಈ ಹೊಸ ದಾರಿ ಸೊರಬಕ್ಕೆ ಹೋಗುವುದಿಲ್ಲ. ಸೊರಬದ ಅಕ್ಕಂದಿರು ರೈಲಿಗೆ ಇನ್ನೂ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗಬೇಕು.