ಶಾರ್ಕಿನ ಕಣ್ಣು, ಅಣಬೆಯ ಹರವು: ವಯಸ್ಸಿನ ಎರಡು ಲೆಕ್ಕ

ಶತಮಾನಗಳ ಕಾಲ ಬಾಳುವ ಜೀವಿಗಳಲ್ಲಿ ಉತ್ತರ ಅಟ್ಲಾಂಟಿಕ್ ಹಾಗೂ ಆರ್ಕ್ಟಿಕ್ ಸಾಗರಗಳ ತಣ್ಣೀರಿನಲ್ಲಿರುವ ಗ್ರೀನ್‌ಲ್ಯಾಂಡ್ ಶಾರ್ಕ್ (ಸೋಮ್ನಿಯೋಸಸ್ ಮೈಕ್ರೋಸೆಫಾಲಸ್) ಒಂದಾದರೆ, ಅಮೆರಿಕದ ಆರೆಗನ್ ರಾಜ್ಯದ ಮಲ್ಹ್ಯೂರ್ ಅರಣ್ಯದ ನೆಲದಡಿ ಹಬ್ಬಿರುವ ಆರ್ಮಿಲೇರಿಯಾ ಆಸ್ಟೋಯೆ ಎಂಬ ಶಿಲೀಂಧ್ರ ಇನ್ನೊಂದು. ಇವೆರಡರಲ್ಲಿ ವಯಸ್ಸನ್ನು ಅಳೆಯುವ ವಿಧಾನ ಮಾತ್ರವಲ್ಲ, ವಯಸ್ಸು ಎಂಬುದರ ಅರ್ಥವೂ ಬೇರೆಯಾಗಿದೆ.

ಅನೇಕ ಮೀನುಗಳ ವಯಸ್ಸನ್ನು ಕಿವಿಯೊಳಗಿನ ಸುಣ್ಣದ ಹರಳಿನ ಪದರಗಳನ್ನು ಎಣಿಸಿ ತಿಳಿಯಬಹುದು. ಆದರೆ ಈ ಶಾರ್ಕಿನ ಅಸ್ಥಿಪಂಜರ ಮೆತ್ತನೆಯ ಮೃದ್ವಸ್ಥಿಯಿಂದಾದುದರಿಂದ ಅಂತಹ ಗುರುತುಗಳು ಅದರಲ್ಲಿ ಸಿಗುವುದಿಲ್ಲ. ಕಣ್ಣಿನ ಮಸೂರದ ತಿರುಳು ಮಾತ್ರ ಮರಿ ಹುಟ್ಟುವ ಮೊದಲೇ ರೂಪುಗೊಂಡು, ಅಲ್ಲಿನ ಪ್ರೋಟೀನ್ ಜೀವಮಾನವಿಡೀ ಬದಲಾಗದೆ ಉಳಿಯುತ್ತದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ 28 ಹೆಣ್ಣು ಶಾರ್ಕುಗಳ ಮಸೂರದಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 5.02 ಮೀಟರ್ ಉದ್ದದ ಅತಿ ದೊಡ್ಡ ಶಾರ್ಕಿನ ವಯಸ್ಸು 272ರಿಂದ 512 ವರ್ಷಗಳ ನಡುವೆ ಇತ್ತು.

ಶಿಲೀಂಧ್ರದ ವಿಷಯ ಹೀಗಲ್ಲ. ಶರತ್ಕಾಲದಲ್ಲಿ ಮೇಲೇಳುವ ಅಣಬೆ ಅದರ ಬೀಜಕಗಳನ್ನು ಹರಡುವ ಅಂಗ ಮಾತ್ರ. ನಿಜವಾದ ದೇಹವಾದ ಕವಕಜಾಲ, ಅಂದರೆ ಸೂಕ್ಷ್ಮ ಎಳೆಗಳ ಹೆಣಿಗೆ, ಮರಗಳ ತೊಗಟೆಯಡಿ ಬೆಳೆದು, ಬೂಟಿನ ಲೇಸಿನಂತಹ ಕಪ್ಪು ಹುರಿಗಳ ಮೂಲಕ ಬೇರಿನಿಂದ ಬೇರಿಗೆ ದಾಟಿ, ಶಂಕುಧಾರಿ ಮರಗಳನ್ನು ಕೊಲ್ಲುತ್ತದೆ. ಎರಡು ಕಡೆಯ ಮಾದರಿಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಎದುರುಬದುರಾಗಿ ಬೆಳೆಸಿದಾಗ, ಅವು ಬೇರೆ ಬೇರೆಯಾಗಿದ್ದರೆ ನಡುವೆ ಗಡಿ ಮೂಡುತ್ತದೆ, ಒಂದೇ ಆಗಿದ್ದರೆ ಬೆರೆತುಹೋಗುತ್ತವೆ. ಈ ಪರೀಕ್ಷೆಯ ಜೊತೆಗೆ ಡಿಎನ್‌ಎ ಹೋಲಿಕೆಯನ್ನೂ ನಡೆಸಿ 2003ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು 965 ಹೆಕ್ಟೇರ್‌ಗಳಲ್ಲಿ ಹರಡಿರುವುದು ಒಂದೇ ಜೀವಿಯೆಂದು ಗುರುತಿಸಿತು. ವರ್ಷಕ್ಕೆ ಅದು ಹಬ್ಬುವ ವೇಗವನ್ನು ಆಧರಿಸಿ 1,900ರಿಂದ 8,650 ವರ್ಷಗಳ ವಯಸ್ಸನ್ನು ಅಂದಾಜಿಸಿತು.

ಹೀಗೆ ಶಾರ್ಕಿನ ವಯಸ್ಸಿಗೆ ಅದರ ದೇಹದಲ್ಲೇ ಉಳಿದ ಹಳೆಯ ವಸ್ತು ಸಾಕ್ಷಿಯಾದರೆ, ಶಿಲೀಂಧ್ರದ ಹಳೆಯ ಎಳೆಗಳು ಸತ್ತು ಹೊಸವು ಬೆಳೆಯುತ್ತಲೇ ಇರುವುದರಿಂದ ಅಲ್ಲಿ ಮುಂದುವರಿದಿರುವುದು ಆನುವಂಶಿಕ ಗುರುತು ಮಾತ್ರ. ಈ ವ್ಯತ್ಯಾಸಕ್ಕೆ ಪ್ರಾಯೋಗಿಕ ಮಹತ್ವವೂ ಇದೆ. ಹೆಣ್ಣು ಶಾರ್ಕ್ ಸಂತಾನಕ್ಕೆ ಸಿದ್ಧವಾಗಲು ಸುಮಾರು 150 ವರ್ಷ ಬೇಕೆಂಬ ಅಂದಾಜಿರುವುದರಿಂದ, ಬೇರೆ ಮೀನಿಗಾಗಿ ಬೀಸಿದ ಬಲೆಗೆ ಸಿಕ್ಕಿ ಸತ್ತ ಒಂದೊಂದು ಶಾರ್ಕಿನ ನಷ್ಟವೂ ಬೇಗ ತುಂಬಿಬರುವಂಥದ್ದಲ್ಲ. ಶಿಲೀಂಧ್ರವಾದರೋ ಅಣಬೆಗಳನ್ನೆಲ್ಲ ಕಿತ್ತರೂ ಬೇರುಗಳಲ್ಲಿ ಉಳಿಯುತ್ತದೆಯಾದ್ದರಿಂದ, ಅದನ್ನು ನಿರ್ಮೂಲಮಾಡುವ ಬದಲು ರೋಗವನ್ನು ತಾಳಿಕೊಳ್ಳುವ ಮರಜಾತಿಗಳನ್ನು ನೆಡುವುದೇ ಅರಣ್ಯಪಾಲಕರಿಗೆ ಉಳಿದಿರುವ ಮುಖ್ಯ ದಾರಿ.